ಸ್ವಂತ ಕಾರಿನಲ್ಲಿ ಮೊದಲ ಟ್ರ್ಯಾಕ್ ಡೇ: ಹೋಗುವ ಮುನ್ನ, ಹೋದ ಮೇಲೆ

‘ನನ್ನ ಸ್ವಿಫ್ಟ್ ತಗೊಂಡು ಟ್ರ್ಯಾಕ್‌ಗೆ ಹೋಗಬಹುದಾ? ಹೋಗೋ ಮುಂಚೆ ಏನೇನು ಮಾಡಿಸಬೇಕು?’ ಕಾರಿನ ಹೆಸರು ಬದಲಾಗುತ್ತದೆ, ಓದುಗರು ಕೇಳುವ ಪ್ರಶ್ನೆ ಇದೇ. ಪೋಲೊ ಇರಲಿ, ಐ20 ಇರಲಿ, ಹಳೆಯ ಹೋಂಡಾ ಸಿಟಿ ಇರಲಿ, ಸುಸ್ಥಿತಿಯಲ್ಲಿದ್ದರೆ ಧಾರಾಳವಾಗಿ ಹೋಗಬಹುದು. ಏನು ಮಾಡಿಸಬೇಕು ಎನ್ನುವುದಕ್ಕೆ ಉತ್ತರ ಉದ್ದ. ಬಹಳ ಜನ ಎಕ್ಸಾಸ್ಟ್, ಏರ್ ಫಿಲ್ಟರ್, ರೀಮ್ಯಾಪ್ (ಎಂಜಿನ್ ಕಂಪ್ಯೂಟರಿನ ಸಾಫ್ಟ್‌ವೇರ್ ಬದಲಿಸಿ ಶಕ್ತಿ ಹೆಚ್ಚಿಸುವುದು) ಇವುಗಳಿಂದ ಶುರುಮಾಡುತ್ತಾರೆ. ಆ ದುಡ್ಡು ಉಳಿಸಿ. ಮೊದಲ ಸಲ ಹೋಗುವವರಿಗೆ ಬೇಕಾದದ್ದು ನಂಬಬಹುದಾದ ಬ್ರೇಕು, ಒಳ್ಳೆಯ ಟೈರು, ಮತ್ತು ಸಂಜೆ ಅದೇ ಕಾರಿನಲ್ಲಿ ಮನೆ ಸೇರಬೇಕು ಎಂಬ ಎಚ್ಚರ.

ಒಂದು ಮಾತು ಮೊದಲೇ ಸ್ಪಷ್ಟವಾಗಲಿ. ಟ್ರ್ಯಾಕ್ ಡೇ ಎಂದರೆ ರೇಸ್ ಅಲ್ಲ. ಯಾರೂ ಗೆಲ್ಲುವುದಿಲ್ಲ, ಬಹುಮಾನ ಇರುವುದಿಲ್ಲ. ಆಯೋಜಕರು ಟ್ರ್ಯಾಕನ್ನು ಒಂದು ದಿನಕ್ಕೆ ಬಾಡಿಗೆಗೆ ಹಿಡಿದು, ಬಂದವರನ್ನು ಗುಂಪು ಮಾಡಿ, 15–20 ನಿಮಿಷದ ಸೆಷನ್‌ಗಳಲ್ಲಿ ಓಡಿಸಲು ಬಿಡುತ್ತಾರೆ. ಎದುರಿನಿಂದ ವಾಹನ ಬರುವುದಿಲ್ಲ, ದನ ಅಡ್ಡ ಬರುವುದಿಲ್ಲ, ಆಂಬುಲೆನ್ಸ್ ಪಕ್ಕದಲ್ಲೇ ನಿಂತಿರುತ್ತದೆ. ಹೊಸಕೋಟೆ ದಾಟಿದ ಮೇಲೋ ನೈಸ್ ರಸ್ತೆಯಲ್ಲೋ ಕಾರಿನ ತಾಕತ್ತು ನೋಡಲು ಹೊರಡುವ ಹುಡುಗರು ದಯವಿಟ್ಟು ಆ ಆಸೆಯನ್ನು ಇಲ್ಲಿ ತೀರಿಸಿಕೊಳ್ಳಿ.

1. ಜಾಗ ಮತ್ತು ದಿನ ಗೊತ್ತುಮಾಡಿ (ಒಂದು ತಿಂಗಳು ಮೊದಲು)

ಬೆಂಗಳೂರು, ಮೈಸೂರು ಕಡೆಯವರು ಹೆಚ್ಚಾಗಿ ಹೋಗುವುದು ಎರಡು ಕಡೆ. ಒಂದು, ಚೆನ್ನೈ ಹೊರವಲಯದ ಶ್ರೀಪೆರಂಬುದೂರಿನ ಹತ್ತಿರ, ಇರುಂಗಾಟುಕೋಟೈನಲ್ಲಿರುವ ಟ್ರ್ಯಾಕ್. ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ ಕಟ್ಟಿದ ಇದು 1990ರಿಂದ ನಡೆಯುತ್ತಿದೆ. ಸುತ್ತಳತೆ ಸುಮಾರು 3.7 ಕಿ.ಮೀ., 12 ತಿರುವುಗಳು. ತಿರುವುಗಳನ್ನು ಸಿ1, ಸಿ2 ಎಂದು ಸಂಖ್ಯೆಯಿಂದಲೇ ಕರೆಯುತ್ತಾರೆ. ಬೆಂಗಳೂರಿನಿಂದ ಸುಮಾರು 300 ಕಿ.ಮೀ. ಎರಡನೆಯದು ಕೊಯಮತ್ತೂರಿನ ಚೆಟ್ಟಿಪಾಳ್ಯಂನಲ್ಲಿರುವ ಕರಿ ಮೋಟಾರ್ ಸ್ಪೀಡ್‌ವೇ. ರೇಸಿಂಗ್ ಕಾರುಗಳನ್ನು ಇಲ್ಲೇ ಕಟ್ಟಿ ನೂರಾರು ಹುಡುಗರಿಗೆ ದಾರಿ ಮಾಡಿಕೊಟ್ಟ ಎಸ್. ಕರಿವರ್ಧನ್ ಅವರ ಹೆಸರು ಅದಕ್ಕೆ. ಎರಡು ಕಿ.ಮೀ.ಗಿಂತ ಸ್ವಲ್ಪ ಉದ್ದ, ವೇಗ ಕಡಿಮೆ, ಬ್ರೇಕಿನ ಮೇಲೆ ಒತ್ತಡವೂ ಕಡಿಮೆ. ಗ್ರೇಟರ್ ನೋಯ್ಡಾದ ಬುದ್ಧ್ ಸರ್ಕ್ಯೂಟ್ ದೊಡ್ಡದು, ಸುಮಾರು 5.1 ಕಿ.ಮೀ.; 2011ರಿಂದ 2013ರವರೆಗೆ ಫಾರ್ಮುಲಾ ಒನ್ ನಡೆದ ಜಾಗ. ಮೊದಲ ಸಲಕ್ಕೆ ಅಷ್ಟು ದೂರ ಕಾರು ಒಯ್ಯುವುದು ಬೇಡ. ನನ್ನನ್ನು ಕೇಳಿದರೆ ಸಣ್ಣ ಕಾರಿಗೆ, ಹೊಸಬರಿಗೆ ಕೊಯಮತ್ತೂರು ಒಳ್ಳೆಯ ಶಾಲೆ.

ಡಿಸೆಂಬರ್‌ನಿಂದ ಫೆಬ್ರುವರಿ ಒಳಗಿನ ದಿನ ಸಿಕ್ಕರೆ ಬಿಡಬೇಡಿ. ಏಪ್ರಿಲ್–ಮೇ ತಿಂಗಳಲ್ಲಿ ಚೆನ್ನೈ ಬಿಸಿಲು ಎಂಜಿನ್ನನ್ನೂ ನಿಮ್ಮನ್ನೂ ಒಟ್ಟಿಗೆ ಸುಡುತ್ತದೆ.

ದುಡ್ಡು ಕಟ್ಟುವ ಮೊದಲು ಆಯೋಜಕರನ್ನು ಇಷ್ಟು ಕೇಳಿ: ಹೊಸಬರಿಗೆ ಬೇರೆ ಗುಂಪು ಇದೆಯೇ, ಪಕ್ಕದಲ್ಲಿ ಕೂತು ಹೇಳಿಕೊಡುವ ತರಬೇತುದಾರರು ಸಿಗುತ್ತಾರೆಯೇ, ಓವರ್‌ಟೇಕ್ ನಿಯಮ ಏನು, ಟ್ರ್ಯಾಕಿನ ತಡೆಗೋಡೆಗೆ ಹಾನಿಯಾದರೆ ಖರ್ಚು ಯಾರದ್ದು, ನಿಮ್ಮ ಕಾರಿನ ನಮೂನೆಗೆ ಅವಕಾಶ ಇದೆಯೇ. ಎತ್ತರದ ಎಸ್‌ಯುವಿಗಳನ್ನು ಪಲ್ಟಿಯ ಭಯದಿಂದ ಹಲವು ಆಯೋಜಕರು ಬಿಡುವುದಿಲ್ಲ. ಹೊಸಬರ ಗುಂಪೂ ಇಲ್ಲ, ತರಬೇತಿಯೂ ಇಲ್ಲ ಎಂದರೆ ಬೇರೆ ದಿನ ನೋಡಿ.

2. ಇನ್ಶೂರೆನ್ಸ್ ಕಾಗದ ತೆಗೆದು ಓದಿ

‘ಫುಲ್ ಇನ್ಶೂರೆನ್ಸ್ ಇದೆಯಲ್ಲ’ ಎಂಬ ಧೈರ್ಯದಲ್ಲಿ ಹೋಗಬೇಡಿ. ನಮ್ಮ ದೇಶದ ಮೋಟಾರ್ ಪಾಲಿಸಿಗಳಲ್ಲಿ ‘ಬಳಕೆಯ ಮಿತಿ’ ಎಂಬ ಭಾಗ ಇರುತ್ತದೆ. ಸಂಘಟಿತ ರೇಸಿಂಗ್, ಪೇಸ್ ಮೇಕಿಂಗ್ (ಮುಂದೆ ಓಡಿ ಬೇರೆಯವರಿಗೆ ವೇಗ ಹಾಕಿಕೊಡುವುದು), ಸ್ಪೀಡ್ ಟೆಸ್ಟಿಂಗ್‌ಗೆ ಬಳಸಿದರೆ ವಿಮೆ ಅನ್ವಯಿಸದು ಎಂದು ಅಲ್ಲಿ ಬರೆದಿರುತ್ತದೆ. ಟ್ರ್ಯಾಕ್ ಡೇ ರೇಸ್ ಅಲ್ಲ ಎಂದು ನೀವು ವಾದಿಸಬಹುದು, ಆದರೆ ಕ್ಲೇಮ್ ಸಿಗುತ್ತದೆಂದು ಲೆಕ್ಕ ಹಾಕಬೇಡಿ. ಟ್ರ್ಯಾಕ್ ಮೇಲೆ ಕಾರಿಗೆ ಏನಾದರೂ ಖರ್ಚು ನಿಮ್ಮದೇ. ಸಾಲದ ಕಂತು ಇನ್ನೂ ಮುಗಿಯದ ಕಾರಾದರೆ ಈ ವಿಷಯ ಮನೆಯವರಿಗೂ ಗೊತ್ತಿರಲಿ. ಅಲ್ಲಿ ಇಂಡೆಮ್ನಿಟಿ ಫಾರ್ಮ್‌ಗೆ, ಅಂದರೆ ಅಪಾಯದ ಹೊಣೆ ನನ್ನದೇ ಎಂದು ಬರೆದುಕೊಡುವ ಪತ್ರಕ್ಕೆ, ಸಹಿ ಹಾಕಿಸಿಕೊಳ್ಳುತ್ತಾರೆ. ಓದಿ ಸಹಿ ಮಾಡಿ.

3. ಬ್ರೇಕು: ಇಲ್ಲಿ ಮಾತ್ರ ಜಿಪುಣತನ ಬೇಡ

ಎಂಜಿನ್ ಬಿಸಿಯಾದರೆ ಮೀಟರ್ ತೋರಿಸುತ್ತದೆ. ಬ್ರೇಕ್ ಬಿಸಿಯಾದರೆ ತೋರಿಸುವ ಮೀಟರ್ ಯಾವ ಮಾಮೂಲಿ ಕಾರಿನಲ್ಲೂ ಇಲ್ಲ.

ಲೆಕ್ಕ ನೋಡಿ. ಡ್ರೈವರ್ ಸೇರಿ 1,100 ಕೆ.ಜಿ. ತೂಗುವ ಹ್ಯಾಚ್‌ಬ್ಯಾಕನ್ನು ಗಂಟೆಗೆ 140 ಕಿ.ಮೀ. ವೇಗದಿಂದ 60ಕ್ಕೆ ಇಳಿಸಿದಾಗ ಹುಟ್ಟುವ ಶಾಖದಲ್ಲಿ ಎರಡು ಲೀಟರ್ ನೀರು ಕುದಿಸಬಹುದು. ಅದು ಹುಟ್ಟುವುದು ಮೂರು–ನಾಲ್ಕು ಸೆಕೆಂಡಿನಲ್ಲಿ, ಹೆಚ್ಚಿನ ಪಾಲು ಮುಂದಿನ ಎರಡು ಡಿಸ್ಕಿನಲ್ಲಿ (ಚಕ್ರದ ಜೊತೆ ತಿರುಗುವ ಬ್ರೇಕಿನ ತಟ್ಟೆ). ಮುಂದಿನ ತಿರುವಿಗೆ ಮತ್ತೆ ಬ್ರೇಕು, ಅದರ ಮುಂದಿನದಕ್ಕೂ ಬ್ರೇಕು. ಊರಲ್ಲಿ ಸಿಗ್ನಲ್‌ನಿಂದ ಸಿಗ್ನಲ್‌ಗೆ ಡಿಸ್ಕ್ ತಣ್ಣಗಾಗುವಷ್ಟು ಪುರಸೊತ್ತು ಇಲ್ಲಿ ಸಿಗುವುದಿಲ್ಲ.

ಆ ಶಾಖ, ಡಿಸ್ಕನ್ನು ಒತ್ತಿ ಹಿಡಿಯುವ ಪ್ಯಾಡ್ ದಾಟಿ ಬ್ರೇಕ್ ಫ್ಲೂಯಿಡ್‌ಗೆ ಇಳಿಯುತ್ತದೆ. ಗ್ಯಾರೇಜಿನಲ್ಲಿ ನಾವು ಬ್ರೇಕ್ ಆಯಿಲ್ ಎನ್ನುವುದು ಇದನ್ನೇ. ಇದು ಗಾಳಿಯಲ್ಲಿನ ತೇವ ಹೀರುವ ದ್ರವ. ಡಾಟ್ 4 ದರ್ಜೆಯ ಹೊಸ ಫ್ಲೂಯಿಡ್ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯದೆ ಇರಬೇಕು ಎಂಬುದು ನಿಯಮ. ನೀರು ಹೀರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಡಾಟ್ 3 ಆದರೆ 205 ಮತ್ತು 140. ಕುದಿದರೆ ಪೈಪಿನಲ್ಲಿ ಆವಿಯ ಗುಳ್ಳೆ ಏಳುತ್ತದೆ. ದ್ರವ ಒತ್ತಿದರೆ ಕುಗ್ಗುವುದಿಲ್ಲ, ಆವಿ ಕುಗ್ಗುತ್ತದೆ. ನೀವು ಪೆಡಲ್ ತುಳಿದಾಗ ಅದು ಮೆತ್ತಗೆ ನೆಲಕ್ಕೆ ಹೋಗುತ್ತದೆ, ಕಾರು ನಿಲ್ಲುವುದಿಲ್ಲ.

ಹಾಗಾಗಿ ಈ ಕೆಲಸಗಳನ್ನು ಮಾಡಿಸಿ:

– ಬ್ರೇಕ್ ಫ್ಲೂಯಿಡ್ ಪೂರ್ತಿ ಬದಲಿಸಿ, ನಾಲ್ಕೂ ಚಕ್ರದಲ್ಲಿ ಬ್ಲೀಡಿಂಗ್ ಮಾಡಿಸಿ (ಪೈಪಿನಲ್ಲಿ ಸೇರಿದ ಗಾಳಿ ಹೊರಗೆ ತೆಗೆಯುವುದು). ಸೀಲ್ ಒಡೆಯದ ಹೊಸ ಡಬ್ಬಿಯನ್ನು ನಿಮ್ಮೆದುರೇ ತೆಗೆಸಿ. ಅಂಗಡಿಯ ಮೂಲೆಯಲ್ಲಿ ಅರ್ಧ ಬಳಸಿ ಮುಚ್ಚಳ ಸಡಿಲ ಬಿಟ್ಟ ಡಬ್ಬಿ ಬೇಡ. ಡಾಟ್ 4 ಅಥವಾ ಡಾಟ್ 5.1 ಸಾಕು. ಡಾಟ್ 5 ಮಾತ್ರ ಹಾಕಿಸಬೇಡಿ. ಅದು ಸಿಲಿಕೋನ್ ಜಾತಿಯದು, ಇವುಗಳ ಜೊತೆ ಬೆರೆಯುವುದಿಲ್ಲ.

– ಪ್ಯಾಡ್ ಕನಿಷ್ಠ ಅರ್ಧ ದಪ್ಪ ಇರಲಿ. ತೆಳುವಾದ ಪ್ಯಾಡ್ ಶಾಖವನ್ನು ಬೇಗ ಒಳಗೆ ಬಿಡುತ್ತದೆ. ಹೊಸದು ಹಾಕಿಸಿದರೆ ಒಂದೆರಡು ವಾರ ಊರಲ್ಲಿ ಓಡಿಸಿ ಡಿಸ್ಕಿಗೆ ಹೊಂದಿಕೊಳ್ಳಲು ಬಿಡಿ. ಹಿಂದಿನ ದಿನ ಹಾಕಿಸಿ ನೇರ ಟ್ರ್ಯಾಕ್‌ಗೆ ಹೋಗುವುದು ಬಹಳ ಜನ ಮಾಡುವ ತಪ್ಪು.

– ಡಿಸ್ಕಿನ ಅಂಚಿನಲ್ಲಿ ಬಿರುಕು, ಆಳ ಗೀರು ಇದೆಯೇ ನೋಡಿಸಿ. ರಬ್ಬರ್ ಪೈಪ್ ಉಬ್ಬಿದ್ದರೆ, ಒಡೆದಿದ್ದರೆ ಬದಲಿಸಿ.

4. ಟೈರು ಮತ್ತು ಗಾಳಿ

ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಯ ಒಂದು ಗುರುತು ಇರುತ್ತದೆ. 2322 ಎಂದಿದ್ದರೆ 2022ನೇ ಇಸವಿಯ 23ನೇ ವಾರ ತಯಾರಾದದ್ದು. ಐದಾರು ವರ್ಷ ದಾಟಿದ ಟೈರು ನೋಡಲು ಚೆನ್ನಾಗಿದ್ದರೂ ರಬ್ಬರ್ ಗಟ್ಟಿಯಾಗಿರುತ್ತದೆ, ಹಿಡಿತ ಕೊಡುವುದಿಲ್ಲ. ಪಕ್ಕದ ಗೋಡೆಯಲ್ಲಿ ಉಬ್ಬು, ಕೊಯ್ತ ಇದ್ದರೆ ಹೋಗಲೇಬೇಡಿ. ಹಾಗೆಂದು ಟ್ರ್ಯಾಕ್‌ಗಾಗಿ ಹೊಚ್ಚಹೊಸ ಟೈರು ಹಾಕಿಸುವುದೂ ಬೇಡ. ಎತ್ತರದ ಹೊಸ ರಬ್ಬರ್ ಬ್ಲಾಕುಗಳು ತಿರುವಿನಲ್ಲಿ ಬಾಗಿ ಬೇಗ ಕಾಯುತ್ತವೆ, ಅಂಚು ಹರಿಯುತ್ತದೆ. ಅರ್ಧ ಸವೆದ ಒಳ್ಳೆಯ ಟೈರು ಒಣ ಟ್ರ್ಯಾಕಿಗೆ ಸರಿ.

ಗಾಳಿಯ ವಿಚಾರಕ್ಕೆ ಒಂದು ಗೇಜ್ ಮತ್ತು ಸಿಗರೇಟ್ ಲೈಟರ್‌ಗೆ ಸಿಗಿಸುವ ಸಣ್ಣ ಪಂಪ್ ಇಟ್ಟುಕೊಳ್ಳಿ. ಬೆಳಗ್ಗೆ ಟೈರು ತಣ್ಣಗಿರುವಾಗ ಕಂಪನಿ ಹೇಳಿದಷ್ಟೇ ಹಾಕಿ. ಬಾಗಿಲ ಪಕ್ಕದ ಸ್ಟಿಕ್ಕರಿನಲ್ಲಿ 33 ಪಿಎಸ್‌ಐ ಎಂದಿದ್ದರೆ 33. ಮೊದಲ ಸೆಷನ್ ಮುಗಿಸಿ ಪಿಟ್‌ಗೆ (ಟ್ರ್ಯಾಕ್ ಪಕ್ಕ ಕಾರು ನಿಲ್ಲಿಸುವ ಜಾಗ) ಬಂದ ಕೂಡಲೇ ಮತ್ತೆ ಅಳೆಯಿರಿ. ಐದಾರು ಪಿಎಸ್‌ಐ ಏರಿರುತ್ತದೆ. 37–38 ದಾಟಿದ್ದರೆ ಸ್ವಲ್ಪ ಬಿಡಿ. ಎಷ್ಟು ಬಿಡಬೇಕು ಎಂದು ಟೈರೇ ಹೇಳುತ್ತದೆ: ಹೊರಡುವ ಮುನ್ನ ಟೈರಿನ ಭುಜದ ಮೇಲೆ, ನೆಲಕ್ಕೆ ತಾಗುವ ಭಾಗ ಪಕ್ಕದ ಗೋಡೆಗೆ ತಿರುಗುವಲ್ಲಿ, ಸೀಮೆಸುಣ್ಣದಿಂದ ಅಡ್ಡ ಗೆರೆ ಎಳೆಯಿರಿ. ಬಹಳಷ್ಟು ಟೈರುಗಳಲ್ಲಿ ಅಲ್ಲೇ ಒಂದು ಸಣ್ಣ ತ್ರಿಕೋನದ ಗುರುತು ಇರುತ್ತದೆ. ಸುಣ್ಣ ಆ ತ್ರಿಕೋನದವರೆಗೆ ಅಳಿಸಿದ್ದರೆ ಗಾಳಿ ಸರಿಯಾಗಿದೆ. ಅದಕ್ಕಿಂತ ಕೆಳಗೂ ಅಳಿಸಿದ್ದರೆ ಟೈರು ಮಡಚಿಕೊಳ್ಳುತ್ತಿದೆ, ಗಾಳಿ ಹೆಚ್ಚಿಸಿ.

ಎಚ್ಚರಿಕೆ: ಬಿಸಿಯಲ್ಲಿ ಗಾಳಿ ಬಿಟ್ಟವರು ಸಂಜೆ ಅದನ್ನು ಮರೆತು ಹಾಗೇ ಹೆದ್ದಾರಿಗೆ ಇಳಿಯುತ್ತಾರೆ. ಟೈರು ತಣ್ಣಗಾದ ಮೇಲೆ ಅದರಲ್ಲಿ 28 ಪಿಎಸ್‌ಐ ಉಳಿದಿರಬಹುದು. ಕುಟುಂಬ, ಸಾಮಾನು ತುಂಬಿಕೊಂಡು 300 ಕಿ.ಮೀ. ಓಡಲು ಅದು ಸಾಲದು.

ವೀಲ್ ನಟ್‌ಗಳನ್ನು ಟಾರ್ಕ್ ರೆಂಚ್‌ನಿಂದ (ಎಷ್ಟು ಬಿಗಿ ಎಂದು ಅಳೆದು ಬಿಗಿಯುವ ಸ್ಪ್ಯಾನರ್) ಕಾರಿನ ಪುಸ್ತಕದಲ್ಲಿರುವ ಅಂಕಿಗೆ ಬಿಗಿಸಿ. ಪಂಕ್ಚರ್ ಅಂಗಡಿಯ ಗನ್‌ನಲ್ಲಿ ಬಿಗಿದದ್ದನ್ನು ನಂಬಬೇಡಿ. ಅದು ಅತಿ ಬಿಗಿಯೂ ಆಗಿರುತ್ತದೆ, ಒಂದೊಂದು ಸಡಿಲವೂ ಇರುತ್ತದೆ.

5. ಎಂಜಿನ್, ಗೇರು, ಉಳಿದವು

ಎಂಜಿನ್ ಆಯಿಲ್ ಡಿಪ್‌ಸ್ಟಿಕ್ಕಿನ ಮೇಲಿನ ಗುರುತಿಗೆ ಹತ್ತಿರ ಇರಲಿ, ದಾಟದಿರಲಿ. ಉದ್ದ ತಿರುವಿನಲ್ಲಿ ಆಯಿಲ್ ಒಂದು ಪಕ್ಕಕ್ಕೆ ಸರಿಯುತ್ತದೆ. ಕಡಿಮೆ ಇದ್ದರೆ ಪಂಪಿಗೆ ಸಿಗುವುದಿಲ್ಲ. ಕೂಲಂಟ್ ಮಟ್ಟ, ರೇಡಿಯೇಟರ್ ಫ್ಯಾನ್, ಬೆಲ್ಟ್ ನೋಡಿಸಿ. ಬ್ಯಾಟರಿ ಅಲುಗಾಡದಂತೆ ಕ್ಲಾಂಪ್ ಬಿಗಿಯಾಗಿರಬೇಕು. ಎಲ್ಲಿಂದಲಾದರೂ ಆಯಿಲ್ ಜಿನುಗುತ್ತಿದ್ದರೆ ಅದು ಸರಿಹೋಗುವವರೆಗೆ ಟ್ರ್ಯಾಕ್ ಮಾತು ಬೇಡ, ಏಕೆಂದರೆ ನಿಮ್ಮ ಕಾರಿನ ಹನಿ ಆಯಿಲ್ ಮೇಲೆ ಜಾರುವುದು ಹಿಂದೆ ಬರುವವರು.

ಎಎಂಟಿ ಗೇರ್‌ಬಾಕ್ಸ್, ಡ್ರೈ ಕ್ಲಚ್‌ನ ಡಿಎಸ್‌ಜಿ (ಎರಡೂ ತಾನಾಗಿ ಗೇರ್ ಬದಲಿಸುವ ಬಗೆಗಳು) ಇರುವ ಕಾರುಗಳಲ್ಲಿ ಸೆಷನ್ ಚಿಕ್ಕದಾಗಿಡಿ; ಗೇರ್‌ಬಾಕ್ಸ್ ಎಚ್ಚರಿಕೆ ದೀಪ ಬಂದರೆ ಅಲ್ಲಿಗೆ ನಿಲ್ಲಿಸಿ.

ಟೋ ಹುಕ್ (ಕೆಟ್ಟು ನಿಂತ ಕಾರನ್ನು ಎಳೆಯಲು ಹಗ್ಗ ಕಟ್ಟುವ ಕೊಂಡಿ) ಎಲ್ಲಿದೆ ಎಂದು ಹಿಂದಿನ ವಾರವೇ ಹುಡುಕಿ. ಹೆಚ್ಚಿನ ಕಾರುಗಳಲ್ಲಿ ಅದು ಸ್ಟೆಪ್ನಿ ಪಕ್ಕ, ಜಾಕ್ ಜೊತೆ ಇರುತ್ತದೆ. ಬಂಪರಿನ ಸಣ್ಣ ಮುಚ್ಚಳ ತೆಗೆದು ತಿರುಗಿಸಿ ಹಾಕಬೇಕು. ಟ್ರ್ಯಾಕ್‌ಗೆ ಇಳಿಯುವ ಮುನ್ನವೇ ಹಾಕಿಕೊಂಡಿರಿ. ಮಣ್ಣಿನಲ್ಲಿ ಸಿಕ್ಕಿಹಾಕಿಕೊಂಡ ಮೇಲೆ ಹುಡುಕಲು ಹೊರಟರೆ ಎಲ್ಲರ ಸೆಷನ್ ಹಾಳು.

6. ಏನು ಒಯ್ಯಬೇಕು, ಏನು ಧರಿಸಬೇಕು

ಮುಖ ಪೂರ್ತಿ ಮುಚ್ಚುವ ಐಎಸ್‌ಐ ಅಥವಾ ಯುರೋಪಿನ ಇಸಿಇ ಗುರುತಿನ ಹೆಲ್ಮೆಟ್ ಬೇಕು. ಅರ್ಧ ಹೆಲ್ಮೆಟ್ ನಡೆಯುವುದಿಲ್ಲ. ಮನೆಯಲ್ಲೇ ಹಾಕಿಕೊಂಡು ಕಾರಿನಲ್ಲಿ ಕೂತು ನೋಡಿ; ತಲೆ ಮೇಲಕ್ಕೆ ತಗುಲಿದರೆ ಸೀಟು ಇಳಿಸಿ. ತೋಳು, ಕಾಲು ಮುಚ್ಚುವ ಹತ್ತಿ ಬಟ್ಟೆ, ತೆಳು ಅಡಿಯ ಶೂ. ಸಿಂಥೆಟಿಕ್ ಜೆರ್ಸಿ ಬೆಂಕಿಗೆ ಕರಗಿ ಮೈಗಂಟುತ್ತದೆ, ಬೇಡ. ಡ್ರೈವಿಂಗ್ ಲೈಸೆನ್ಸ್, ಕುಡಿಯುವ ನೀರು, ಓಆರ್‌ಎಸ್ ಪೊಟ್ಟಣ, ಟೋಪಿ, ಒಂದು ಲೀಟರ್ ಎಂಜಿನ್ ಆಯಿಲ್, ಬ್ರೇಕ್ ಫ್ಲೂಯಿಡ್‌ನ ಹೊಸ ಡಬ್ಬಿ (ಬಳಸಿ ಉಳಿದದ್ದು ಬೇಡ), ಚಕ್ರಕ್ಕೆ ಒಡ್ಡಲು ಎರಡು ಮರದ ತುಂಡು. ಇಷ್ಟು ಸಾಕು.

ಹೆದ್ದಾರಿಯಲ್ಲಿ ಲೀಟರಿಗೆ 16–18 ಕೊಡುವ ಕಾರು ಟ್ರ್ಯಾಕಿನಲ್ಲಿ ಐದಾರು ಕಿ.ಮೀ. ಕೊಟ್ಟರೆ ಗಾಬರಿಯಾಗಬೇಡಿ. ಹತ್ತಿರದ ಬಂಕಿನಲ್ಲಿ ಮುಕ್ಕಾಲು ಟ್ಯಾಂಕ್ ತುಂಬಿಸಿ, ಕಾಲು ಟ್ಯಾಂಕಿಗಿಂತ ಕೆಳಗೆ ಬಿಡಬೇಡಿ. ತಿರುವಿನಲ್ಲಿ ಪೆಟ್ರೋಲ್ ಪಕ್ಕಕ್ಕೆ ಸರಿದು ಎಂಜಿನ್ ಮುಗ್ಗರಿಸುತ್ತದೆ.

ಹಿಂದಿನ ದಿನವೇ ಹೋಗಿ ಅಲ್ಲಿ ಮಲಗಿ. ರಾತ್ರಿಯಿಡೀ ಓಡಿಸಿ ಬೆಳಗ್ಗೆ ಟ್ರ್ಯಾಕಿಗೆ ಇಳಿಯುವವರ ಕಣ್ಣು ಮೊದಲ ಸೆಷನ್ನಿಗೇ ಸೋಲುತ್ತದೆ. ಮೈಸೂರಿನಿಂದ ಕೊಯಮತ್ತೂರಿಗೆ ಹೋಗುವವರಿಗೆ ಬಂಡೀಪುರದಲ್ಲಿ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಸಂಚಾರ ನಿಷೇಧ ಇರುವುದು ನೆನಪಿರಲಿ. ವಾಪಸಾಗುವಾಗಲೂ ಅಷ್ಟೇ.

7. ಬೆಳಗ್ಗೆ ಪಿಟ್‌ನಲ್ಲಿ

ಡಿಕ್ಕಿ ಪೂರ್ತಿ ಖಾಲಿ ಮಾಡಿ: ಸ್ಟೆಪ್ನಿ, ಜಾಕ್, ಛತ್ರಿ, ಎಲ್ಲ. ಡ್ಯಾಶ್‌ಬೋರ್ಡ್ ಮೇಲಿನ ಗಣೇಶ, ಸೀಟಿನ ಕೆಳಗಿನ ನೀರಿನ ಬಾಟಲಿ, ಬಾಗಿಲಿನ ಚಿಲ್ಲರೆ ಕೂಡ. ಡ್ರೈವರ್ ಬದಿಯ ಮ್ಯಾಟ್ ತೆಗೆಯಲೇಬೇಕು. ಜೋರಾಗಿ ಬ್ರೇಕ್ ಹಾಕಿದಾಗ ಉರುಳಿ ಬಂದ ಬಾಟಲಿ ಪೆಡಲಿನ ಅಡಿಗೆ ಸೇರಿದರೆ ಆಮೇಲೆ ಮಾಡುವುದಕ್ಕೆ ಏನೂ ಇರುವುದಿಲ್ಲ.

ಸೀಟು ಸರಿಮಾಡಿಕೊಳ್ಳಿ. ಬೆನ್ನು ಸೀಟಿಗೆ ಒತ್ತಿರುವಾಗ ಕೈ ಚಾಚಿದರೆ ಮಣಿಕಟ್ಟು ಸ್ಟೀರಿಂಗ್ ಚಕ್ರದ ನೆತ್ತಿಗೆ ತಾಗಬೇಕು. ಕ್ಲಚ್ ಪೂರ್ತಿ ತುಳಿದಾಗಲೂ ಮೊಣಕಾಲು ಸ್ವಲ್ಪ ಬಾಗಿರಬೇಕು. ನಮ್ಮಲ್ಲಿ ಹೆಚ್ಚಿನವರು ದೂರ ಕೂತು ಓಡಿಸುತ್ತಾರೆ. ಇಲ್ಲಿ ಸೀಟನ್ನು ಒಂದೆರಡು ಹಲ್ಲು ಮುಂದೆ ಎಳೆದುಕೊಳ್ಳಿ.

ಬ್ರೀಫಿಂಗ್ (ಶುರುವಿಗೆ ಆಯೋಜಕರು ನಿಯಮ ಹೇಳುವ ಸಭೆ) ತಪ್ಪಿಸಬೇಡಿ. ಬಾವುಟಗಳನ್ನು ಬಾಯಿಪಾಠ ಮಾಡಿಕೊಳ್ಳಿ: ಹಳದಿ ಕಂಡರೆ ಮುಂದೆ ಅಪಾಯ, ನಿಧಾನಿಸಿ, ಓವರ್‌ಟೇಕ್ ಇಲ್ಲ. ಕೆಂಪು ಎಂದರೆ ಸೆಷನ್ ನಿಂತಿದೆ, ವೇಗ ಇಳಿಸಿ ಪಿಟ್‌ಗೆ ಬನ್ನಿ. ನೀಲಿ ಎಂದರೆ ಹಿಂದೆ ವೇಗದ ಕಾರು ಇದೆ. ಹಳದಿಯ ಮೇಲೆ ಕೆಂಪು ಪಟ್ಟಿ ಎಂದರೆ ರಸ್ತೆ ಜಾರುತ್ತಿದೆ. ಕಪ್ಪು ತೋರಿಸಿದರೆ ನಿಮ್ಮನ್ನೇ ಪಿಟ್‌ಗೆ ಕರೆಯುತ್ತಿದ್ದಾರೆ. ಚೌಕಳಿ ಬಾವುಟಕ್ಕೆ ಸೆಷನ್ ಮುಗಿಯಿತು.

8. ಟ್ರ್ಯಾಕ್ ಮೇಲೆ

ಇಎಸ್‌ಪಿ (ಕಾರು ಜಾರದಂತೆ ತಾನಾಗಿ ಬ್ರೇಕ್ ಹಾಕುವ ವ್ಯವಸ್ಥೆ) ಇದ್ದರೆ ಇಡೀ ದಿನ ಆನ್ ಇರಲಿ. ಮೊದಲ ಎರಡು ಸುತ್ತು ನಿಧಾನ; ಟೈರು, ಬ್ರೇಕು ಕಾಯಲಿ, ನಿಮ್ಮ ಕಣ್ಣು ಪ್ರತಿ ತಿರುವಿನ ಮಾರ್ಷಲ್ (ಬಾವುಟ ತೋರಿಸುವ ಟ್ರ್ಯಾಕ್ ಸಿಬ್ಬಂದಿ) ಎಲ್ಲಿ ನಿಂತಿದ್ದಾರೆ ಎಂದು ನೋಡಿಕೊಳ್ಳಲಿ. ಆಮೇಲೆ ಮೂರು–ನಾಲ್ಕು ಸುತ್ತು ವೇಗವಾಗಿ, ಕೊನೆಯ ಸುತ್ತು ಬ್ರೇಕ್ ಹೆಚ್ಚು ಮುಟ್ಟದೆ ತಣ್ಣಗೆ. ಸೆಷನ್ ಇನ್ನೂ ಉಳಿದಿದ್ದರೂ ಪಿಟ್‌ಗೆ ಬನ್ನಿ.

ತಿರುವಿಗೆ ಒಂದೇ ಕ್ರಮ. ನೇರ ಇರುವಾಗಲೇ ಬ್ರೇಕ್ ಮುಗಿಸಿ, ಗೇರ್ ಇಳಿಸಿ, ಆಮೇಲೆ ಸ್ಟೀರಿಂಗ್ ತಿರುಗಿಸಿ. ರಸ್ತೆಯ ಹೊರ ಅಂಚಿನಿಂದ ಶುರುವಾಗಿ, ತಿರುವಿನ ಒಳ ಅಂಚು ಮುಟ್ಟಿ, ಮತ್ತೆ ಹೊರ ಅಂಚಿಗೆ ಬಿಡಿ. ಒಳ ಅಂಚು ಮುಟ್ಟುವ ಬಿಂದುವನ್ನು ಎಪೆಕ್ಸ್ ಎನ್ನುತ್ತಾರೆ. ಹೊಸಬರು ಅವಸರದಲ್ಲಿ ಬೇಗ ಒಳಗೆ ನುಗ್ಗುತ್ತಾರೆ, ಹೊರಬರುವಾಗ ರಸ್ತೆ ಸಾಲದೆ ಮಣ್ಣಿಗೆ ಇಳಿಯುತ್ತಾರೆ. ಎಪೆಕ್ಸನ್ನು ಸ್ವಲ್ಪ ತಡವಾಗಿ ಮುಟ್ಟಿ. ಕಣ್ಣು ಬಾನೆಟ್ ಮುಂದೆ ಬೇಡ, ಹೋಗಬೇಕಾದ ಕಡೆ ಇರಲಿ. ಕೈ ಕಣ್ಣನ್ನು ಹಿಂಬಾಲಿಸುತ್ತದೆ.

ವೇಗ ಹೆಚ್ಚಾಯಿತು ಅನ್ನಿಸಿದರೆ ತಿರುವಿನ ನಡುವೆ ಆಕ್ಸಿಲರೇಟರ್‌ನಿಂದ ಕಾಲು ಥಟ್ಟನೆ ತೆಗೆಯಬೇಡಿ. ಭಾರ ಮುಂದಕ್ಕೆ ಬಂದು ಹಿಂದಿನ ಚಕ್ರ ಹಗುರವಾಗಿ ಕಾರು ತಿರುಗಿಬಿಡುತ್ತದೆ. ಒಂದು ವೇಳೆ ತಿರುಗಿಯೇಬಿಟ್ಟರೆ ಕ್ಲಚ್, ಬ್ರೇಕ್ ಎರಡನ್ನೂ ಪೂರ್ತಿ ತುಳಿದು ನಿಲ್ಲಿಸಿ. ಎರಡು ಚಕ್ರ ಮಣ್ಣಿಗೆ ಇಳಿದರೆ ಸ್ಟೀರಿಂಗ್ ನೇರ ಹಿಡಿದು ವೇಗ ಇಳಿಯಲು ಬಿಡಿ. ರಸ್ತೆಗೆ ಮರಳಿ ಎಳೆದುಕೊಳ್ಳುವ ಆತುರದಲ್ಲೇ ಕಾರು ಎದುರು ಬದಿಯ ಗೋಡೆಗೆ ಹೋಗುವುದು. ಕಾರು ಕೆಟ್ಟು ನಿಂತರೆ, ಬೆಂಕಿ ಇಲ್ಲದಿದ್ದರೆ, ಬೆಲ್ಟ್ ಹಾಕಿಕೊಂಡು ಒಳಗೇ ಇರಿ. ಮಾರ್ಷಲ್ ಬಂದು ಹೇಳುವವರೆಗೆ ಇಳಿಯಬೇಡಿ.

ಗೇರ್ ಇಳಿಸುವಾಗ ಒಂದೊಂದಾಗಿ. ಐದರಿಂದ ನಾಲ್ಕಕ್ಕೆ ಎಂದುಕೊಂಡು ಎರಡಕ್ಕೆ ಹಾಕಿದರೆ ಚಕ್ರಗಳೇ ಎಂಜಿನ್ನನ್ನು ಮಿತಿ ಮೀರಿ ತಿರುಗಿಸುತ್ತವೆ. ಆಗ ರೆವ್ ಲಿಮಿಟರ್ (ಎಂಜಿನ್ ಅತಿಯಾಗಿ ತಿರುಗದಂತೆ ತಡೆಯುವ ವ್ಯವಸ್ಥೆ) ಕಾಪಾಡುವುದಿಲ್ಲ.

ಹಿಂದಿನವರಿಗೆ ದಾರಿ ಬಿಡುವಾಗ ಬ್ರೀಫಿಂಗ್‌ನಲ್ಲಿ ಹೇಳಿದಂತೆ ಇಂಡಿಕೇಟರ್ ಅಥವಾ ಕೈ ತೋರಿಸಿ, ನೇರ ರಸ್ತೆಯಲ್ಲಿ ಆಕ್ಸಿಲರೇಟರ್ ಸ್ವಲ್ಪ ಬಿಟ್ಟು ನಿಮ್ಮ ಗೆರೆಯಲ್ಲೇ ಇರಿ. ಮೊಬೈಲಿನಲ್ಲಿ ಲ್ಯಾಪ್ ಟೈಮ್ ಅಳೆಯುವುದನ್ನು ಮೊದಲ ದಿನ ಪೂರ್ತಿ ಬಿಡಿ. ಅಂಕಿ ಕಂಡ ಕ್ಷಣದಿಂದ ಕಲಿಕೆ ನಿಲ್ಲುತ್ತದೆ, ಹಟ ಶುರುವಾಗುತ್ತದೆ.

ಪೆಡಲ್ ಮೆತ್ತಗಾದರೆ ಫ್ಲೂಯಿಡ್ ಕುದಿಯುತ್ತಿದೆ. ಪೆಡಲ್ ಗಟ್ಟಿಯಾಗಿದ್ದೂ ಕಾರು ನಿಲ್ಲದಿದ್ದರೆ ಪ್ಯಾಡ್ ಕಾದಿದೆ. ಎರಡರಲ್ಲೂ ಮಾಡಬೇಕಾದದ್ದು ಒಂದೇ: ಆ ಸುತ್ತಿನಲ್ಲೇ ನಿಧಾನಿಸಿ ಪಿಟ್‌ಗೆ ಬರುವುದು.

9. ಪಿಟ್‌ಗೆ ಬಂದ ಮೇಲೆ, ಮನೆಗೆ ಹೊರಡುವ ಮುನ್ನ

ಹ್ಯಾಂಡ್‌ಬ್ರೇಕ್ ಎಳೆಯಬೇಡಿ. ಕಾದ ಡ್ರಮ್ಮಿಗೋ ಡಿಸ್ಕಿಗೋ ಶೂ, ಪ್ಯಾಡ್ ಅಂಟಿಕೊಳ್ಳುತ್ತವೆ. ಗೇರಿನಲ್ಲಿ ನಿಲ್ಲಿಸಿ ಚಕ್ರಕ್ಕೆ ಮರದ ತುಂಡು ಕೊಡಿ. ಬ್ರೇಕ್ ಪೆಡಲ್ ಮೇಲೂ ಕಾಲಿಟ್ಟು ಕೂರಬೇಡಿ. ಟರ್ಬೊ ಎಂಜಿನ್ ಆದರೆ ಒಂದೆರಡು ನಿಮಿಷ ಐಡಲ್‌ನಲ್ಲಿ ಬಿಟ್ಟು ಆಫ್ ಮಾಡಿ. ಬಾನೆಟ್ ತೆರೆದಿಡಿ. ಪ್ರತಿ ಸೆಷನ್ ಮುಗಿದಾಗಲೂ ಟೈರಿನ ಗಾಳಿ, ಆಯಿಲ್ ಮಟ್ಟ ನೋಡಿ, ಚಕ್ರ ತಣ್ಣಗಾದ ಮೇಲೆ ವೀಲ್ ನಟ್ ಮತ್ತೊಮ್ಮೆ ಬಿಗಿ ನೋಡಿ. ನೀರು ಕುಡಿಯಿರಿ.

ಕೊನೆಯ ಸೆಷನ್ ಬಗ್ಗೆ ನನ್ನ ಅಭಿಪ್ರಾಯ ಖಂಡಿತ: ಮೊದಲ ಸಲ ಹೋದವರು ಅದನ್ನು ಬಿಟ್ಟುಬಿಡಿ. ಮೈ ದಣಿದಿರುತ್ತದೆ, ಟೈರು ಸವೆದಿರುತ್ತದೆ, ಧೈರ್ಯ ಮಾತ್ರ ಏರಿರುತ್ತದೆ.

ಸ್ಟೆಪ್ನಿ, ಜಾಕ್ ವಾಪಸ್ ಹಾಕಿ, ಟೈರು ತಣ್ಣಗಾದ ಮೇಲೆ ಮಾಮೂಲಿ ಗಾಳಿ ತುಂಬಿ, ಟೋ ಹುಕ್ ಬಿಚ್ಚಿ. ಗೇಟ್ ದಾಟುವ ಮುನ್ನ ಒಳರಸ್ತೆಯಲ್ಲಿ ಎರಡು ಸಲ ಬ್ರೇಕ್ ಹಾಕಿ ಪೆಡಲ್ ಬೆಳಗ್ಗೆ ಇದ್ದಷ್ಟೇ ಗಟ್ಟಿ ಇದೆಯೇ ನೋಡಿ. ಇಲ್ಲದಿದ್ದರೆ ಅಲ್ಲೇ ಬ್ಲೀಡಿಂಗ್ ಮಾಡಿಸಿ, ಅದಕ್ಕೇ ಹೊಸ ಡಬ್ಬಿ ತಂದಿದ್ದು. ಹೆದ್ದಾರಿಗೆ ಬಂದ ಮೇಲೆ 80 ಕಿ.ಮೀ. ವೇಗವೂ ಬಹಳ ನಿಧಾನ ಅನ್ನಿಸುತ್ತದೆ. ಆ ಭಾವನೆಯನ್ನು ನಂಬದೆ ಸ್ಪೀಡೋಮೀಟರ್ ನೋಡಿ ಓಡಿಸಿ. ಸಾಧ್ಯವಾದರೆ ಒಬ್ಬ ಗೆಳೆಯನನ್ನು ಕರೆದೊಯ್ದು ವಾಪಸಿನ ಸ್ಟೀರಿಂಗ್ ಅವರಿಗೆ ಕೊಡಿ. ಆ ವಾರದಲ್ಲೇ ಚಕ್ರ ಬಿಚ್ಚಿಸಿ ಪ್ಯಾಡ್ ದಪ್ಪ, ಡಿಸ್ಕಿನ ಬಿರುಕು, ಟೈರಿನ ಒಳ ಅಂಚು ನೋಡಿಸಿ. ಪ್ಯಾಡ್ ಮೂರು ಮಿ.ಮೀ.ಗಿಂತ ಕಡಿಮೆ ಉಳಿದಿದ್ದರೆ ಅಂದೇ ಬದಲಿಸಿ, ಅಲೈನ್‌ಮೆಂಟ್ ಕೂಡ ಮಾಡಿಸಿ.